ಖಾತೆ ಇದೆ, ಬೇಕಾದಾಗ ಕೈಗೆ ದುಡ್ಡಿಲ್ಲ: ಬ್ಯಾಂಕಿಗೂ ಮನೆಯವರ ಆರೋಗ್ಯಕ್ಕೂ ಇರುವ ನಂಟು (ರಾಯಚೂರು, ಕೊಪ್ಪಳ, ಬಳ್ಳಾರಿ)

ಸಂಜೀವಿನಿ ಸಿಬ್ಬಂದಿ, ಕುಷ್ಟಗಿ (ಚರ್ಚೆ ಆರಂಭಿಸಿದವರು)

ಬ್ಯಾಂಕ್ ಖಾತೆಯೇ ಇಲ್ಲದ ಮನೆ ನಮ್ಮ ಕಡೆ ಈಗ ಅಪರೂಪ. 2014ರಲ್ಲಿ ಜನಧನ ಬಂತು, 2023ರಲ್ಲಿ ಗೃಹಲಕ್ಷ್ಮಿ ಬಂತು. ಮನೆ ಯಜಮಾನಿ ಹೆಸರಲ್ಲಿ ಒಂದು ಪಾಸ್‌ಬುಕ್ ಇದ್ದೇ ಇರುತ್ತದೆ. ಆದರೂ ಬಸುರಿಗೆ ಹೊರಗಡೆ ಸ್ಕ್ಯಾನಿಂಗ್ ಬರೆದುಕೊಟ್ಟರೆ, ಕ್ಷಯದ ರೋಗಿಗೆ ಮೊಟ್ಟೆ ಬೇಳೆ ತರಬೇಕಾದರೆ, ದುಡ್ಡು ಹುಟ್ಟುವುದು ವಾರದ ಫೈನಾನ್ಸಿನಲ್ಲಿ ಇಲ್ಲವೇ ಕೈಗಡದಲ್ಲಿ. ಸರ್ಕಾರ ಹಾಕಿದ ಹಣ ಖಾತೆಗೂ ಕೈಗೂ ನಡುವೆ ಎಲ್ಲಿ ನಿಲ್ಲುತ್ತದೆ, ಅದನ್ನು ಹೇಗೆ ಬಿಡಿಸಬೇಕು ಅನ್ನುವುದನ್ನು ಗೊತ್ತಿರುವವರು ವಿವರವಾಗಿ ಬರೆಯಿರಿ. ಸ್ವಂತ ಕಥೆ ಬೇಡ. ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಓದಿ ಹೇಳುವಂತಿರಲಿ.

ಬ್ಯಾಂಕ್ ಮಿತ್ರ, ದೇವದುರ್ಗ ತಾಲ್ಲೂಕು

ಅಕ್ಕಾರ, ನಾನು ಊರಾಗ ಬ್ಯಾಂಕಿನ ಪರವಾಗಿ ರೊಕ್ಕ ಕೊಡೋ ಏಜೆಂಟ್. ಹತ್ತರಾಗ ಏಳೆಂಟು ಮಂದಿ ಸಿಕ್ಕೊಳ್ಳೋದು ಒಂದೇ ಕಡೆ ನೋಡ್ರಿ. "ಆಧಾರ್ ಲಿಂಕ್ ಮಾಡಿಸೀವಿ" ಅಂತಾರ, ಅದು ಖರೇನೂ ಇರ್ತೈತಿ. ಆದ್ರ ಲಿಂಕ್ ಬೇರೆ, ಸೀಡಿಂಗ್ ಬೇರೆ. ಬ್ಯಾಂಕಿನವರು ಕೆವೈಸಿಗೆ (ಗ್ರಾಹಕರ ಗುರುತಿನ ದಾಖಲೆಗೆ) ಆಧಾರ್ ನಂಬರ್ ಬರ್ಕೊಂಡ್ರ ಅದು ಲಿಂಕ್. ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸೋ ಸಂಸ್ಥೆ) ಇಟ್ಟ ಪಟ್ಟಿ, ಅಂದ್ರ ಮ್ಯಾಪರ್‌ನ್ಯಾಗ "ಈ ಆಧಾರಿಗೆ ಈ ಬ್ಯಾಂಕು" ಅಂತ ಏರಿದ್ರ ಅದು ಸೀಡಿಂಗ್. ಡಿಬಿಟಿ ಹಣ (ಸರ್ಕಾರ ನೇರ ಖಾತೆಗೆ ಹಾಕೋದು) ಮ್ಯಾಪರ್ ನೋಡಿ ಹೋಗ್ತೈತಿ, ಪಾಸ್‌ಬುಕ್ ನೋಡಿ ಅಲ್ಲ.

ಮ್ಯಾಪರ್‌ನ್ಯಾಗ ಒಂದು ಆಧಾರಿಗೆ ಒಂದೇ ಬ್ಯಾಂಕು. ಕಡೀಕ ಯಾವುದು ಸೀಡ್ ಆಗೈತೋ ಅದಕ್ಕ ರೊಕ್ಕ. ಸಿಮ್ ತೊಗೊಳ್ಳುವಾಗೋ, ಸಂತ್ಯಾಗ ಟೇಬಲ್ ಹಾಕ್ಕೊಂಡು ಕುಂತವರ ಹತ್ರಾನೋ ಹೆಬ್ಬೆಟ್ಟು ಒತ್ತಿ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆಗೆಸಿರ್ತಾರ, ಸೀಡಿಂಗ್ ಅಲ್ಲಿಗೆ ಸರದಿರ್ತೈತಿ. ಹಳೇ ಪಾಸ್‌ಬುಕ್ ಹಿಡ್ಕೊಂಡು ಬ್ಯಾಂಕಿಗೆ ಹೋದ್ರ "ಏನೂ ಬಂದಿಲ್ಲ" ಅಂತಾರ. ರೊಕ್ಕ ಇನ್ನೊಂದು ಖಾತ್ಯಾಗ ಬಿದ್ದಿರ್ತೈತಿ.

ನೋಡೋದು ಹ್ಯಾಂಗಂದ್ರ, "ಮೈ ಆಧಾರ್" ಪೋರ್ಟಲ್‌ನ್ಯಾಗ ಲಾಗಿನ್ ಆಗಿ "ಬ್ಯಾಂಕ್ ಸೀಡಿಂಗ್ ಸ್ಟೇಟಸ್" ಒತ್ತಿದ್ರ ಬ್ಯಾಂಕಿನ ಹೆಸರು ಬರ್ತೈತಿ. "ಡಿಬಿಟಿ ಕರ್ನಾಟಕ" ಆಪ್‌ನ್ಯಾಗ ಯಾವ ಯೋಜನೆ ಹಣ ಯಾವ ತಾರೀಖಿಗೆ ಎಲ್ಲಿಗೆ ಹೋಗೈತಿ ಅಂತಾನೂ ಕಾಣ್ತೈತಿ. ಎರಡಕ್ಕೂ ಒಟಿಪಿ ಬೇಕು, ಅಂದ್ರ ಆಧಾರಿಗೆ ಕೊಟ್ಟ ಮೊಬೈಲ್ ನಂಬರ್ ಚಾಲ್ತಿ ಇರಬೇಕು. ಬದಲಿ ಮಾಡಬೇಕಂದ್ರ ಬೇಕಾದ ಬ್ಯಾಂಕ್ ಶಾಖೆಗೆ ಹೋಗಿ ಆಧಾರ್ ಸೀಡಿಂಗ್ ಒಪ್ಪಿಗೆ ಫಾರ್ಮ್ ತುಂಬ್ರಿ, ಅದರಾಗ "ಬೇರೆ ಬ್ಯಾಂಕಿನಿಂದ ಇಲ್ಲಿಗೆ ವರ್ಗಾಯಿಸಿ" ಅನ್ನೋ ಕಡೆ ಗುರುತು ಹಾಕಿ ಹಳೇ ಬ್ಯಾಂಕಿನ ಹೆಸರು ಬರೀರಿ. ಬರೇ ಆಧಾರ್ ಜೆರಾಕ್ಸ್ ಕೊಟ್ಟು ಬಂದ್ರ ಅದು ಕೆವೈಸಿ ಫೈಲಿಗೆ ಹೋಗಿ ಕುಂದರ್ತೈತಿ. ಒಂದು ವಾರ ಬಿಟ್ಟು ಮತ್ತೊಮ್ಮೆ ಸ್ಟೇಟಸ್ ನೋಡ್ರಿ.

ಅಂಗನವಾಡಿ ಮೇಲ್ವಿಚಾರಕಿ, ಸಿಂಧನೂರು

ಇದಕ್ಕೆ ಆರೋಗ್ಯದ ಕಡೆಯಿಂದ ಸೇರಿಸುತ್ತೇನೆ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡು ಕಂತು. ಕೊನೆಯ ಮುಟ್ಟಿನಿಂದ ಆರು ತಿಂಗಳೊಳಗೆ ನೋಂದಣಿಯಾಗಿ ಒಂದು ತಪಾಸಣೆಯಾದರೂ ಮುಗಿದಿದ್ದರೆ 3,000. ಮಗುವಿನ ಜನನ ನೋಂದಣಿಯಾಗಿ ಹದಿನಾಲ್ಕು ವಾರದ ಲಸಿಕೆವರೆಗೆ ಆದ ಮೇಲೆ 2,000. ಎರಡನೆಯದು ಹೆಣ್ಣು ಮಗುವಾದರೆ ಒಂದೇ ಸಲಕ್ಕೆ 6,000.

ಬಸುರಿ ಹೆಂಗಸು ಕೂಲಿ ಬಿಟ್ಟು ನಾಲ್ಕು ದಿನ ಸುಧಾರಿಸಿಕೊಳ್ಳಲಿ, ಹೊಟ್ಟೆ ತುಂಬ ಉಣ್ಣಲಿ ಎಂದು ಈ ದುಡ್ಡು. ಕಬ್ಬಿಣಾಂಶದ ಮಾತ್ರೆ ಪುಕ್ಕಟೆ ಸಿಗುತ್ತದೆ, ಆದರೆ ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ ಬಂದು ಅರ್ಧಕ್ಕೇ ಬಿಡುತ್ತಾರೆ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾಯಿತೆಂದರೆ ಐದಾರು ತಿಂಗಳ ಬಸುರಿಯರೂ ಕೆಸರಿನಲ್ಲಿ ಬಗ್ಗಿ ನಿಂತಿರುತ್ತಾರೆ. ಅವರಿಗೆ 3,000 ನಾಟಿಗೆ ಮೊದಲು ಕೈಗೆ ಬಂದರೆ ಬೇರೆ ಮಾತು, ಬಾಣಂತನದಲ್ಲಿ ಬಂದರೆ ಬೇರೆ ಮಾತು. ಮೊತ್ತ ಅಷ್ಟೇ ಇದ್ದರೂ ಹೊಟ್ಟೆಯೊಳಗಿನ ಕೂಸಿಗೆ ಅದರ ಉಪಯೋಗ ತಪ್ಪಿಹೋಗಿರುತ್ತದೆ.

ತಡವಾಗುವುದಕ್ಕೆ ನಾನು ಕಾಣುವ ಕಾರಣಗಳು ಎರಡು ಮೂರು. ಮದುವೆಯಾಗಿ ಬಂದವಳ ಆಧಾರಿನಲ್ಲಿ ಇನ್ನೂ ತಂದೆ ಹೆಸರು, ತವರಿನ ವಿಳಾಸ. ಬ್ಯಾಂಕಿನಲ್ಲಿ ಹೆಸರಿನ ಇನಿಷಿಯಲ್ ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ. ಇದನ್ನು ಮೂರನೇ ತಿಂಗಳ ನೋಂದಣಿ ದಿನವೇ ಸರಿನೋಡಿ, ಏಳನೇ ತಿಂಗಳಿಗೆ ಬಿಡಬೇಡಿ. ಇನ್ನೊಂದು, ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾರಲ್ಲ, ಲಸಿಕೆ ಅಲ್ಲಿಯೇ ಹಾಕಿಸುತ್ತಾರೆ. ಇಲ್ಲಿನ ಕೇಂದ್ರದಲ್ಲಿ ಆ ವಿವರ ಏರುವುದಿಲ್ಲ, ಎರಡನೇ ಕಂತು ನಿಲ್ಲುತ್ತದೆ. ತಾಯಿ ಕಾರ್ಡಿನಲ್ಲಿರುವ ಆರ್‌ಸಿಎಚ್ ಸಂಖ್ಯೆಯನ್ನು (ತಾಯಿ-ಮಗುವಿನ ಆರೋಗ್ಯ ದಾಖಲೆಯ ನಂಬರ್) ತವರಿನ ಆಶಾ ಕಾರ್ಯಕರ್ತೆಗೆ ತೋರಿಸಿ ಅದೇ ಸಂಖ್ಯೆಯಲ್ಲಿ ಲಸಿಕೆ ಏರಿಸಲು ಹೇಳಿ. ಅವರು ಹೊಸದಾಗಿ ನೋಂದಣಿ ಮಾಡಿಬಿಟ್ಟರೆ ತಾಯಿ ಎರಡು ಕಡೆ ಕಾಣುತ್ತಾಳೆ, ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ.

ಓದುಗ, ಕಾರಟಗಿ

ನಮ್ಮ ಓಣಿಯಲ್ಲಿ ಒಬ್ಬರಿಗೆ ಅಂಗನವಾಡಿಯವರು "ಹಣ ಪಾಸಾಗಿದೆ" ಅಂತಾರೆ, ಬ್ಯಾಂಕಿನವರು "ಬಂದಿಲ್ಲ" ಅಂತಾರೆ. ಗಂಡನ ಖಾತೆ ನಂಬರ್ ಕೊಟ್ಟಿದ್ದರಂತೆ. ಅದಕ್ಕೇ ಇರಬಹುದಾ?

ಬ್ಯಾಂಕ್ ಮಿತ್ರ, ದೇವದುರ್ಗ ತಾಲ್ಲೂಕು

ಗಂಡನ ಖಾತೆ ನಡೆಯಂಗಿಲ್ರಿ. ಆಕೀ ಆಧಾರಿಗೆ ಸೀಡ್ ಆದ ಆಕೀದೇ ಖಾತೆ ಬೇಕು. ಮೊದಲ ಸೀಡಿಂಗ್ ಸ್ಟೇಟಸ್ ನೋಡ್ಸ್ರಿ, ಅದರಾಗ ಬಂದ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕ್ಸ್ರಿ. ಅಲ್ಲೇ ಬಿದ್ದಿರೋ ಸಾಧ್ಯತೆ ಭಾಳ ಐತಿ.

ಹಿರಿಯ ಕ್ಷಯ ಚಿಕಿತ್ಸಾ ಮೇಲ್ವಿಚಾರಕ, ರಾಯಚೂರು ಜಿಲ್ಲೆ

ಹೊತ್ತಿಗೆ ಸರಿಯಾಗಿ ಹಣ ಬರುವುದು ಎಷ್ಟು ಮುಖ್ಯ ಅನ್ನುವುದಕ್ಕೆ ಕ್ಷಯಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಕ್ಷಯ ರೋಗಿಯ ಆಹಾರಕ್ಕೆ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆ 2018ರ ಏಪ್ರಿಲ್‌ನಲ್ಲಿ ತಿಂಗಳಿಗೆ 500 ರೂಪಾಯಿಯಂತೆ ಶುರುವಾಯಿತು; 2024ರ ನವೆಂಬರ್ 1ರಿಂದ 1,000 ಆಗಿದೆ. ಆರು ತಿಂಗಳ ಚಿಕಿತ್ಸೆಗೆ 6,000. ಈಗ ಅದನ್ನು 3,000ದ ಎರಡು ಕಂತುಗಳಲ್ಲಿ ಮುಂಗಡವಾಗಿ ಕೊಡುತ್ತಾರೆ: ರೋಗ ಪತ್ತೆಯಾದಾಗ ಒಂದು, 84 ದಿನ ಚಿಕಿತ್ಸೆ ಮುಗಿದ ಮೇಲೆ ಇನ್ನೊಂದು.

ಮುಂಗಡ ಯಾಕೆಂದರೆ ಮೊದಲ ಎರಡು ತಿಂಗಳಲ್ಲಿ ತೂಕ ಏರಬೇಕು. ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ "ರೇಷನ್ಸ್" ಅಧ್ಯಯನದಲ್ಲಿ ರೋಗಿಗಳಿಗೂ ಮನೆಯವರಿಗೂ ಆಹಾರದ ಕಿಟ್ ಕೊಟ್ಟರು. ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆ ಕಂಡಿತು. ಕಿಟ್ ಪಡೆದ ಮನೆಗಳ ಉಳಿದ ಸದಸ್ಯರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ತಗ್ಗಿತು. ಅಲ್ಲಿ ಕೊಟ್ಟದ್ದು ಆಹಾರ, ನಮ್ಮಲ್ಲಿ ಬರುವುದು ನಗದು. ನಗದು ಹತ್ತನೇ ವಾರಕ್ಕೆ ಬಂದರೆ ಆ ಎರಡು ತಿಂಗಳು ಕಳೆದುಹೋಗಿರುತ್ತದೆ.

ಹಣ ವಾಪಸ್ ಬರಲು ಸಾಮಾನ್ಯ ಕಾರಣ ಹಳೇ ಐಎಫ್‌ಎಸ್‌ಸಿ, ಅಂದರೆ ಬ್ಯಾಂಕ್ ಶಾಖೆಯ ಕೋಡ್. ನಮ್ಮ ಭಾಗದಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಶಾಖೆಗಳು ಬಹಳ ಇದ್ದವು, 2017ರ ಏಪ್ರಿಲ್‌ನಲ್ಲಿ ಎಸ್‌ಬಿಐಗೆ ಸೇರಿದವು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ ಸೇರಿತು, ಕಾರ್ಪೊರೇಷನ್ ಮತ್ತು ಆಂಧ್ರ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಳೇ ಪಾಸ್‌ಬುಕ್ಕಿನ ಮೊದಲ ಪುಟ ನೋಡಿ ಕೋಡ್ ಬರೆದುಕೊಟ್ಟರೆ ಪಾವತಿ ತಿರುಗಿ ಬರುತ್ತದೆ. ಆಧಾರ್ ಮೂಲಕ ಹೋಗುವ ಹಣಕ್ಕೆ ಐಎಫ್‌ಎಸ್‌ಸಿ ಬೇಡ. ಖಾತೆ ಸಂಖ್ಯೆ ಏರಿಸುವ ಕಡೆ ಮಾತ್ರ ಬೇಕು. ಈ ವ್ಯತ್ಯಾಸ ತಿಳಿಯದೆ ಸಿಬ್ಬಂದಿಯೇ ಗೊಂದಲಪಡುತ್ತಾರೆ. ರೋಗ ಖಚಿತವಾದ ದಿನ ಮಾತ್ರೆ ಕೊಡುವಾಗಲೇ ಹೊಸ ಪಾಸ್‌ಬುಕ್ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ.

ಗುಳೆ ಹೋಗುವವರ ವಿಷಯ ಬೇರೆ ಹೇಳಬೇಕು. ಬೆಂಗಳೂರು, ಪುಣೆ, ಗೋವಾ ಎಲ್ಲಿಗೆ ಹೋದರೂ ನಿಕ್ಷಯ್ ಐಡಿ (ರೋಗಿಯ ನೋಂದಣಿ ಸಂಖ್ಯೆ) ಅದೇ, ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ವರ್ಗಾಯಿಸಿಕೊಂಡು ಮಾತ್ರೆ ಮುಂದುವರಿಸಬಹುದು. ಹಣ ಮಾತ್ರ ಊರಿನ ಖಾತೆಗೆ ಬೀಳುತ್ತದೆ. ಪಾಸ್‌ಬುಕ್ ಅತ್ತೆ ಹತ್ತಿರ, ರೋಗಿ ಶೆಡ್ಡಿನಲ್ಲಿ. ಇದಕ್ಕೆ ಎಇಪಿಎಸ್ (ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆ) ಸಾಕು: ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ದೇಶದ ಯಾವ ಮೂಲೆಯ ಬ್ಯಾಂಕ್ ಮಿತ್ರರ ಬಳಿಯೂ ತೆಗೆಯಬಹುದು. ಹೊರಡುವ ಮುಂಚೆ ತಮ್ಮ ಆಧಾರಿಗೆ ಯಾವ ಬ್ಯಾಂಕ್ ಸೀಡ್ ಆಗಿದೆ ಅನ್ನುವುದನ್ನು ತಾಯಿ ಕಾರ್ಡಿನ ಅಥವಾ ಚಿಕಿತ್ಸಾ ಕಾರ್ಡಿನ ಹಿಂದೆ ಬರೆದುಕೊಂಡು ಹೋಗಲಿ.

ಕಾರ್ಮಿಕರ ಆರೋಗ್ಯ ಕೆಲಸದಲ್ಲಿರುವವರು, ಬಳ್ಳಾರಿ

ಎಇಪಿಎಸ್ ಸಾಕು ಅಂದಿರಿ ಸರ್, ಆದರೆ ಬೆರಳೇ ಹೊಂದದಿದ್ದರೆ? ಬಳ್ಳಾರಿ ಜೀನ್ಸ್ ವಾಷಿಂಗ್ ಘಟಕದಲ್ಲಿ ಕೈ ರಾಸಾಯನಿಕದಲ್ಲಿ, ಸಿರುಗುಪ್ಪ ಕಡೆ ನಾಟಿ ಕೆಸರಿನಲ್ಲಿ, ರಾಯಚೂರು ಕಡೆ ಹತ್ತಿ ಬಿಡಿಸುವುದರಲ್ಲಿ, ಮೆಣಸಿನಕಾಯಿ ಕೊಯ್ಲಿನಲ್ಲಿ ಬೆರಳ ಗೆರೆ ಸವೆದಿರುತ್ತವೆ. ವಯಸ್ಸಾದವರದ್ದು ಇನ್ನೂ ಕಷ್ಟ. ಶುಗರ್, ಬಿಪಿ ಮಾತ್ರೆ ಪಿಂಚಣಿ ಹಣದಿಂದ ತರುವವರು ಅವರೇ.

ಯಂತ್ರದ ಮುಂದೆ ಮಾಡಬಹುದಾದದ್ದು: ಸೋಪು ಹಾಕಿ ಕೈ ತೊಳೆದು ಪೂರ್ತಿ ಒರೆಸಿಕೊಳ್ಳಬೇಕು, ತೀರಾ ಒಣಗಿ ಬಿರುಕು ಬಿಟ್ಟಿದ್ದರೆ ಒಂದು ಹನಿ ಎಣ್ಣೆ ತಿಕ್ಕಿ ಬಟ್ಟೆಯಿಂದ ಒರೆಸಿ. ಹೆಬ್ಬೆರಳೇ ಆಗಬೇಕೆಂದಿಲ್ಲ. ಕೆಲಸದಲ್ಲಿ ಕಡಿಮೆ ಸವೆಯುವ ಎಡಗೈ ಉಂಗುರ ಬೆರಳು, ನಡುಬೆರಳು ಹಚ್ಚಿ ನೋಡಿ, ಯಾವುದು ಹೊಂದಿತೋ ಅದನ್ನು ನೆನಪಿಟ್ಟುಕೊಳ್ಳಲು ಹೇಳಿ. ಸಾಧನದ ಗಾಜನ್ನು ಒಣ ಬಟ್ಟೆಯಿಂದ ಒರೆಸಿ. ಯಾವ ಬೆರಳೂ ಆಗದಿದ್ದರೆ ಮುಖ ಗುರುತಿನ ಮೂಲಕ ಹಣ ಕೊಡುವ ಸೌಲಭ್ಯ ಈಗ ಕೆಲವು ಕಡೆ ಇದೆ. ಅದೂ ಇಲ್ಲವಾದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಬೇಕು, ಅದನ್ನು ಸುಗ್ಗಿ ಮುಗಿದು ಒಂದು ತಿಂಗಳು ಬಿಟ್ಟು ಮಾಡಿಸಿ. ಕೈಗೆ ಗುಳ್ಳೆ ಎದ್ದಿರುವಾಗ ಕೊಟ್ಟರೆ ಆ ಕೆಟ್ಟ ಅಚ್ಚೇ ದಾಖಲೆಯಾಗುತ್ತದೆ.

ಹಾಸಿಗೆ ಹಿಡಿದವರಿಗೆ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಪೋಸ್ಟ್‌ಮ್ಯಾನ್ ಮನೆಗೇ ಯಂತ್ರ ತಂದು ಹಣ ಕೊಡುತ್ತಾರೆ, ಖಾತೆ ಬೇರೆ ಬ್ಯಾಂಕಿನದಾಗಿದ್ದರೂ ಆಗುತ್ತದೆ. ಊರಿನ ಅಂಚೆ ಕಚೇರಿಯಲ್ಲಿ ಒಂದು ದಿನ ಮೊದಲೇ ಹೇಳಿಡಿ.

ಓದುಗಿ, ಮಾನ್ವಿ

"ಸರ್ವರ್ ಇಲ್ಲ" ಅಂತ ಅಜ್ಜಿ ಹತ್ತಿರ ಮೂರು ಸಲ ಬೆರಳು ಒತ್ತಿಸಿಕೊಂಡು ಕಳಿಸಿದ್ದಾರೆ. ಪಾಸ್‌ಬುಕ್ಕಿನಲ್ಲಿ 2,000 ಕಡಿತ ಆಗಿದೆ. ಏನು ಮಾಡಬೇಕು?

ನಿವೃತ್ತ ಗ್ರಾಮೀಣ ಬ್ಯಾಂಕ್ ಅಧಿಕಾರಿ, ಬಳ್ಳಾರಿ

ಪಾಸ್‌ಬುಕ್ ಎಂಟ್ರಿಯಲ್ಲಿ ದಿನಾಂಕದ ಪಕ್ಕ ಆ ವ್ಯವಹಾರವನ್ನು ಗುರುತಿಸುವ ಹನ್ನೆರಡು ಅಂಕೆಯ ಆರ್‌ಆರ್‌ಎನ್ ಸಂಖ್ಯೆ ಇರುತ್ತದೆ. ಅದನ್ನು ಬರೆದು, ಅಜ್ಜಿಯ ಖಾತೆ ಇರುವ ಶಾಖೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ವ್ಯವಹಾರ ಅರ್ಧಕ್ಕೆ ನಿಂತು ಹಣ ಕಡಿತವಾಗಿದ್ದರೆ ಐದು ದಿನದೊಳಗೆ ತಾನಾಗಿ ವಾಪಸ್ ಜಮೆಯಾಗಬೇಕು. 2019ರ ಸೆಪ್ಟೆಂಬರ್‌ನ ಆರ್‌ಬಿಐ ಸುತ್ತೋಲೆ ಪ್ರಕಾರ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ. ವ್ಯವಹಾರ ಯಶಸ್ವಿ ಎಂದು ದಾಖಲಾಗಿದ್ದರೆ, ಅಂದರೆ ಎದುರಿಗಿದ್ದವರೇ ಹಣ ಇಟ್ಟುಕೊಂಡಿದ್ದರೆ, ಅದು ವಂಚನೆ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಬ್ಯಾಂಕ್ 30 ದಿನದಲ್ಲಿ ಬಗೆಹರಿಸದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಿ, ಸಹಾಯವಾಣಿ 14448.

ಹಣ ಬರಲಿ ಬಿಡಲಿ, ಪ್ರತಿ ಬೆರಳಚ್ಚಿಗೂ ರಸೀದಿ ಕೇಳಿ. "ವಿಫಲ" ಎಂಬ ರಸೀದಿಯೂ ಬರುತ್ತದೆ. ಸಾವಿರಕ್ಕೆ ಇಷ್ಟು ಅಂತ ಕಮಿಷನ್ ಹಿಡಿಯುವುದಕ್ಕೂ ಅವಕಾಶವಿಲ್ಲ. ಬ್ಯಾಂಕ್ ಮಿತ್ರರು ಗ್ರಾಹಕರಿಂದ ನೇರವಾಗಿ ಶುಲ್ಕ ಪಡೆಯಬಾರದು ಎಂದೇ ಆರ್‌ಬಿಐ ನಿಯಮ ಇದೆ, ಅವರಿಗೆ ಕಮಿಷನ್ ಬ್ಯಾಂಕೇ ಕೊಡುತ್ತದೆ.

ಶಾಖೆಯ ಕಡೆಯಿಂದ ಇನ್ನಷ್ಟು ಹೇಳುವುದಿದೆ. ಆಧಾರ್, ಸೀಡಿಂಗ್ ಎಲ್ಲ ಸರಿ ಇದ್ದೂ ಹಣ ನಿಲ್ಲುವ ಖಾತೆಗಳಿವೆ. 2014–15ರ ಶಿಬಿರಗಳಲ್ಲಿ ತೆರೆದ ಜನಧನ ಖಾತೆಗಳಿಗೆ ಹತ್ತು ವರ್ಷ ತುಂಬಿತು, ಮರು ಕೆವೈಸಿ ಬಾಕಿ ಬಿತ್ತು. ವಿಳಾಸ ಬದಲಾಗಿರದಿದ್ದರೆ ಒಂದು ಸ್ವಯಂ ಘೋಷಣೆ ಸಾಕು, 2025ರ ಜೂನ್‌ನಿಂದ ಅದನ್ನು ಬ್ಯಾಂಕ್ ಮಿತ್ರರ ಮೂಲಕವೂ ಕೊಡಬಹುದು. ಶಾಖೆಗೆ ಒಂದು ದಿನದ ಕೂಲಿ ಕಳೆದುಕೊಂಡು ಹೋಗಬೇಕಿಲ್ಲ.

ಪೂರ್ಣ ದಾಖಲೆ ಇಲ್ಲದೆ ತೆರೆದದ್ದು "ಸಣ್ಣ ಖಾತೆ". ಅದರಲ್ಲಿ ಯಾವಾಗಲೂ 50,000ಕ್ಕಿಂತ ಹೆಚ್ಚು ಇರುವಂತಿಲ್ಲ, ವರ್ಷಕ್ಕೆ ಒಟ್ಟು ಜಮೆ ಒಂದು ಲಕ್ಷ ಮೀರುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಹೆರಿಗೆ ತೊಡಕಾಗಿ ಒಮ್ಮೆಗೇ 15,000 ಬೇಕಾದ ರಾತ್ರಿ ಈ ಮಿತಿ ಗೊತ್ತಾದರೆ ಏನು ಪ್ರಯೋಜನ? ಆಧಾರ್ ಕೊಟ್ಟು ಮೊದಲೇ ಸಾಮಾನ್ಯ ಖಾತೆಗೆ ಬದಲಿಸಿಕೊಳ್ಳಿ. ಎಇಪಿಎಸ್‌ನಲ್ಲೂ ಒಂದು ಸಲಕ್ಕೆ 10,000ವೇ ಮಿತಿ ಎಂಬುದು ನೆನಪಿರಲಿ.

ಇನ್ನು ಎಲ್ಲಕ್ಕಿಂತ ಕಣ್ಣಿಗೆ ಕಾಣದ ಸೋರಿಕೆ: ಫೈನಾನ್ಸ್ ಸಾಲದ ಕಂತಿಗೆ ಡಿಬಿಟಿ ಬರುವ ಖಾತೆಯನ್ನೇ ಕೊಟ್ಟು ಸ್ವಯಂ ಕಡಿತಕ್ಕೆ ಸಹಿ ಹಾಕಿರುತ್ತಾರೆ. ಕಂತಿನ ದಿನ ಹಣ ಇಲ್ಲದಿದ್ದರೆ ಬೌನ್ಸ್ ಶುಲ್ಕ ಏರುತ್ತ ಹೋಗುತ್ತದೆ. ಗೃಹಲಕ್ಷ್ಮಿಯ 2,000 ಬಿದ್ದ ಕ್ಷಣ ಆ ಶುಲ್ಕ ಮುರಿದುಕೊಳ್ಳುತ್ತದೆ. ಸಾಲದ ಕಂತಿಗೆ ಬೇರೆ ಖಾತೆ ಕೊಡಿ, ಸೀಡಿಂಗ್ ಇರುವ ಖಾತೆಯಲ್ಲಿ ಸಾಲದ ಯಾವ ಸ್ವಯಂ ಕಡಿತವನ್ನೂ ಇಟ್ಟುಕೊಳ್ಳಬೇಡಿ. ಬೆಳೆ ಸಾಲ ಬಾಕಿ ಎಂದು ಹಣ ತೆಗೆಯದಂತೆ ಶಾಖೆ "ಹೋಲ್ಡ್" ಹಾಕಿದ್ದರೆ ಕಾರಣ ಲಿಖಿತವಾಗಿ ಕೇಳಿ, ಪ್ರತಿಯನ್ನು ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡುವ ಲೀಡ್ ಬ್ಯಾಂಕ್ ಮ್ಯಾನೇಜರ್‌ಗೆ ಕಳಿಸಿ.

ಅರ್ಥಶಾಸ್ತ್ರ ಉಪನ್ಯಾಸಕ, ಕೊಪ್ಪಳ

ಇಲ್ಲಿಯವರೆಗೆ ಸರ್ಕಾರದ ಹಣದ ಮಾತೇ ಆಯಿತು. ಉಳಿತಾಯದ ಮಾತೂ ಬರಬೇಕು. ಕೀನ್ಯಾದಲ್ಲಿ ಪಾಸ್ಕಲೀನ್ ಡುಪಾ ಮತ್ತು ಜೊನಾಥನ್ ರಾಬಿನ್ಸನ್ ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೀಗವಿರುವ ಒಂದು ತಗಡಿನ ಡಬ್ಬಿ ಮತ್ತು ಅದರ ಕೀಲಿಯನ್ನು ಕೊಟ್ಟದ್ದಕ್ಕೇ ಸೊಳ್ಳೆಪರದೆಯಂಥ ಮುನ್ನೆಚ್ಚರಿಕೆಯ ಆರೋಗ್ಯ ವೆಚ್ಚ ಮೂರನೇ ಎರಡರಷ್ಟು ಹೆಚ್ಚಿತು. ದುಡ್ಡನ್ನು ಬೇರೆಯಾಗಿ ಎತ್ತಿಡಲು ಒಂದು ಜಾಗ ಸಿಕ್ಕಿತು, ನೆಂಟರು ನೆರೆಯವರು ಕೇಳಿದಾಗ ಇಲ್ಲವೆನ್ನಲು ಒಂದು ನೆಪ ಸಿಕ್ಕಿತು, ಅಷ್ಟೇ. ನಮ್ಮಲ್ಲಿ ಹೆಂಗಸಿನ ಖಾತೆಗೆ ಆ ಶಕ್ತಿ ಇದೆ, ಆದರೆ ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿ, ಎಸ್‌ಎಂಎಸ್ ಮಗನ ಮೊಬೈಲಿಗೆ ಹೋಗುತ್ತಿದ್ದರೆ ಅದು ಅವಳ ಖಾತೆಯಾಗಿ ಉಳಿದಿಲ್ಲ. ಖಾತೆಗೆ ಅವಳದೇ ನಂಬರ್ ಹಾಕಿಸಿ ಎಂದು ನಾನು ಮೊದಲು ಹೇಳುವೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಮನೆ ಬಾಗಿಲಿಗೆ ಸಾಲ ಬಂತೆಂದರೆ ಬ್ಯಾಂಕ್ ಸೌಲಭ್ಯ ಬಂದಂತಲ್ಲ.

ಸಂಜೀವಿನಿ ಸಿಬ್ಬಂದಿ, ಕುಷ್ಟಗಿ

ಸರ್ ಹೇಳಿದ್ದಕ್ಕೆ ಲೆಕ್ಕ ಹಾಕಿ ತೋರಿಸುತ್ತೇನೆ. 50,000 ರೂಪಾಯಿ, ಎರಡು ವರ್ಷ, ಇಳಿಕೆ ಬಾಕಿಗೆ ಶೇ. 24ರ ಬಡ್ಡಿ. ತಿಂಗಳ ಕಂತು ಸುಮಾರು 2,643. ಗೃಹಲಕ್ಷ್ಮಿ ಪೂರ್ತಿ ಕಟ್ಟಿದರೂ 643 ಕೂಲಿಯಿಂದ ಬರಬೇಕು. ಒಂದೇ ಸಾಲಕ್ಕೆ ಇಷ್ಟು. ಮೂರು ಕಡೆ ಇದ್ದವರ ಮನೆಯಲ್ಲಿ ಮೊದಲು ನಿಲ್ಲುವುದು ಹಾಲು, ಬೇಳೆ, ಆಮೇಲೆ ಬಿಪಿ ಮಾತ್ರೆ. ಒಟ್ಟು ಬಡ್ಡಿ 13,400ರ ಆಸುಪಾಸು. ಅದೇ ಹಣ ಶೇ. 7ಕ್ಕೆ ಸಿಕ್ಕರೆ ಕಂತು ಸುಮಾರು 2,240, ಒಟ್ಟು ಬಡ್ಡಿ 3,700ರ ಹತ್ತಿರ.

ಸ್ವಸಹಾಯ ಸಂಘಕ್ಕೆ ಮೂರು ಲಕ್ಷದವರೆಗೆ ಬ್ಯಾಂಕ್ ಶೇ. 7ಕ್ಕೆ ಕೊಡುತ್ತದೆ, ಸದಸ್ಯೆಗೆ ಸಂಘ ತನ್ನ ಬಡ್ಡಿ ಸೇರಿಸಿ ಕೊಟ್ಟರೂ ಆ ವ್ಯತ್ಯಾಸ ಸಂಘದ ಡಬ್ಬಿಯಲ್ಲೇ ಉಳಿಯುತ್ತದೆ. "ಆಸ್ಪತ್ರೆ ಖರ್ಚಿಗೆ ಸಂಘದ ಸಾಲ ಕೊಡುವಂತಿಲ್ಲ" ಎನ್ನುವವರಿದ್ದಾರೆ, ಅದು ಸರಿಯಲ್ಲ. ಆರ್‌ಬಿಐ ಸುತ್ತೋಲೆಯಲ್ಲಿ ಸಾಮಾಜಿಕ ಅಗತ್ಯ, ದುಬಾರಿ ಸಾಲ ತೀರಿಸುವುದು, ಶೌಚಾಲಯ ಕಟ್ಟುವುದು ಎಲ್ಲಕ್ಕೂ ಅವಕಾಶವಿದೆ. ದುಬಾರಿ ಸಾಲ ತೀರಿಸುವುದು ಎಂಬ ಪದವನ್ನು ಮ್ಯಾನೇಜರ್ ಮುಂದೆ ಧೈರ್ಯವಾಗಿ ಹೇಳಿ. ಒಕ್ಕೂಟದ ಮಟ್ಟದಲ್ಲಿ ವಿಆರ್‌ಎಫ್ ನಿಧಿ ಹಸಿವು, ಕಾಯಿಲೆಯ ತುರ್ತಿಗೆಂದೇ ಇದೆ. ತಿಂಗಳ ಸಭೆವರೆಗೆ ಕಾಯದೆ ಇಬ್ಬರು ಪದಾಧಿಕಾರಿಗಳ ಸಹಿಯಿಂದ ಇಂತಿಷ್ಟು ಕೊಡಬಹುದು ಎಂದು ಮೊದಲೇ ನಿರ್ಣಯ ಬರೆದಿಟ್ಟುಕೊಂಡರೆ ಮಾತ್ರ ಅದು ರಾತ್ರಿ ಹೊತ್ತಿಗೆ ಉಪಯೋಗಕ್ಕೆ ಬರುತ್ತದೆ.

ನಿವೃತ್ತ ಗ್ರಾಮೀಣ ಬ್ಯಾಂಕ್ ಅಧಿಕಾರಿ, ಬಳ್ಳಾರಿ

ಮೈಕ್ರೊಫೈನಾನ್ಸ್ ಬಗ್ಗೆ ಎರಡು ನಿಯಮ ಸೇರಿಸಿಕೊಳ್ಳಿ ಮೇಡಂ. 2022ರ ಆರ್‌ಬಿಐ ನಿಯಮದಂತೆ ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರುವಂತಿರಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಬಲವಂತದ ವಸೂಲಿಗೆ 2025ರಲ್ಲಿ ರಾಜ್ಯ ತಂದ ಕಾನೂನಿನಲ್ಲಿ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಬಾಣಂತಿ ಇರುವ ಮನೆ ಮುಂದೆ ಕೂತು ಕೂಗಾಡಿದರೆ ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ.

ಓದುಗ, ಲಿಂಗಸುಗೂರು

ಆಯುಷ್ಮಾನ್ ಆರೋಗ್ಯ ಕರ್ನಾಟಕ ಕಾರ್ಡಿದ್ದರೆ ಆಸ್ಪತ್ರೆ ಖರ್ಚೇ ಇರುವುದಿಲ್ಲವಲ್ಲ, ಇಷ್ಟೆಲ್ಲ ಯಾಕೆ?

ಕಾರ್ಮಿಕರ ಆರೋಗ್ಯ ಕೆಲಸದಲ್ಲಿರುವವರು, ಬಳ್ಳಾರಿ

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಇದೆ, ದೊಡ್ಡ ಆಸರೆಯೇ. ಚಿಕಿತ್ಸೆಯ ಹಣ ಆಸ್ಪತ್ರೆಗೆ ಹೋಗುತ್ತದೆ, ಅದಕ್ಕೆ ಖಾತೆ ಬೇಡ. ಆದರೆ ರಾಯಚೂರು ರಿಮ್ಸ್‌ಗೋ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಬಂದವರ ಜೊತೆ ಇಬ್ಬರು ಬರುತ್ತಾರೆ. ಅವರ ಊಟ, ಹೊರಗೆ ಬರೆದ ಔಷಧಿ, ಬಿಟ್ಟ ಕೂಲಿ, ಬಿಡುಗಡೆಯಾದ ಮೇಲಿನ ಮಾತ್ರೆ ಕಾರ್ಡಿನ ಲೆಕ್ಕಕ್ಕೆ ಬರುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರ ಬಸ್ ಚಾರ್ಜು ಉಳಿದಿದೆ, ರಾತ್ರಿ ಜೀಪು ಮಾಡಿಕೊಂಡು ಬಂದರೆ ಅದೂ ಇಲ್ಲ. ಈ ಚಿಲ್ಲರೆ ಖರ್ಚಿಗೇ ಜನ ಬಡ್ಡಿಗೆ ತರುವುದು.

ಬ್ಯಾಂಕ್ ಮಿತ್ರ, ದೇವದುರ್ಗ ತಾಲ್ಲೂಕು

ರಾತ್ರಿ ಹೊರಡೋರಿಗೆ ಒಂದು ಮಾತು. ನಮ್ಮ ಕಡೆ ರೊಕ್ಕ ಇರಂಗಿಲ್ಲ ಅಂತ ಬೈತಾರ. ಹ್ಯಾಂಗ ಅಂದ್ರ, ನೀವು ತೆಗೆದಷ್ಟೂ ನಮ್ಮ ಸೆಟಲ್‌ಮೆಂಟ್ ಖಾತ್ಯಾಗ ಅಂಕಿ ಏರ್ತೈತಿ, ಪೆಟ್ಟಿಗ್ಯಾಗಿನ ನೋಟು ಖಾಲಿ ಆಗ್ತಾವ. ಮತ್ತ ಶಾಖೆಗೆ ಹೋಗಿ ನೋಟು ತರಬೇಕು. ಗೃಹಲಕ್ಷ್ಮಿ ಬಿದ್ದ ಮೊದಲ ಎರಡು ದಿನ ಮಧ್ಯಾಹ್ನಕ್ಕ ಖಾಲಿ. ಅವಸರ ಇಲ್ಲದವರು ಮೂರನೇ ದಿನ ಬರ್ರಿ. ಹೆರಿಗೆ ತಾರೀಖು ಹತ್ರ ಬಂದ ಮನಿಯವರು ಒಂಬತ್ತನೇ ತಿಂಗಳು ಹತ್ತಿದ ಕೂಡ್ಲೇ ಎರಡು ಮೂರು ಸಾವಿರ ತೆಗೆದು ತಾಯಿ ಕಾರ್ಡಿನ ಜೋಡಿ ಇಟ್ಕೊಳ್ರಿ.

ಇನ್ನೊಂದು, ಮೇ ತಿಂಗಳ ಕಡೀ ವಾರ ಖಾತ್ಯಾಗ ಸ್ವಲ್ಪ ಬಿಟ್ಟಿರ್ರಿ. ಅಪಘಾತ ವಿಮೆಗೆ 20, ಜೀವನ್ ಜ್ಯೋತಿಗೆ 436 ಆವಾಗ ಕಡಿತ ಆಗ್ತೈತಿ. ಬಾಕಿ ಇಲ್ಲಂದ್ರ ಎರಡು ಲಕ್ಷದ ವಿಮೆ ಅಲ್ಲಿಗೇ ನಿಲ್ತೈತಿ, ಯಾರೂ ಫೋನ್ ಮಾಡಿ ಹೇಳಂಗಿಲ್ಲ.

ಅಂಗನವಾಡಿ ಮೇಲ್ವಿಚಾರಕಿ, ಸಿಂಧನೂರು

ಕುಷ್ಟಗಿ ಅಕ್ಕಾರೆ, ಸಭೆಗೆ ಒಯ್ಯುವುದಾದರೆ ಹೀಗೆ ಮಾಡಿ. ತಿಂಗಳ ಗ್ರಾಮ ಆರೋಗ್ಯ ಮತ್ತು ಪೌಷ್ಟಿಕತೆ ದಿನ ಅಂಗನವಾಡಿಗೆ ಬ್ಯಾಂಕ್ ಮಿತ್ರರನ್ನೂ ಕರೆಯಿರಿ. ತೂಕ, ರಕ್ತ ಪರೀಕ್ಷೆ ಆದವರ ತಾಯಿ ಕಾರ್ಡಿನ ಹಿಂದೆ ನಾಲ್ಕೇ ಸಾಲು ಬರೆಯಿರಿ: ಸೀಡ್ ಆದ ಬ್ಯಾಂಕ್, ಆಧಾರಿನಲ್ಲಿರುವ ಮೊಬೈಲ್ ಚಾಲ್ತಿ ಇದೆಯೋ ಇಲ್ಲವೋ, ಹೊಂದುವ ಬೆರಳು, ಮರು ಕೆವೈಸಿ ಆದ ತಿಂಗಳು. ಆಧಾರ್ ಸಂಖ್ಯೆಯನ್ನು ಮಾತ್ರ ಅಲ್ಲಿ ಪೂರ್ತಿ ಬರೆಯಬೇಡಿ, ಕಾರ್ಡು ನಾಲ್ಕು ಜನರ ಕೈಗೆ ಹೋಗುತ್ತದೆ.